ಹಾರುವ ಓತಿ ಮತ್ತು ಅಡಿಕೆ ತೋಟ

ಪದವಿ ತರಗತಿಯ ಹುಡುಗನೊಬ್ಬ ಕೇಳಿದ: 'ಪರಿಸರದ ಬಗ್ಗೆ ಪ್ರಬಂಧ ಬರೀಬೇಕು ಸಾರ್, ಕನ್ನಡದ ಯಾವ ಕಾದಂಬರಿ ಓದ್ಲಿ?' ಯೋಚನೆಯನ್ನೇ ಮಾಡದೆ 'ಕರ್ವಾಲೋ' ಎಂದೆ. ಎಲ್ಲರೂ ಹೇಳುವ ಉತ್ತರವೇ ಅದು. ಎರಡು ವಾರ ಬಿಟ್ಟು ಬಂದವನು, 'ಪುಸ್ತಕ ಕೆಳಗಿಡೋಕೇ ಆಗ್ಲಿಲ್ಲ ಸಾರ್. ಆದ್ರೆ ಇದ್ರಲ್ಲಿ ಪರಿಸರ ವ್ಯವಸ್ಥೆ ಎಲ್ಲಿದೆ?' ಎಂದ. ಏನೋ ಹೇಳಿ ಜಾರಿಕೊಂಡೆ. ಆಮೇಲೆ ಕಾದಂಬರಿಯನ್ನು ಮತ್ತೆ ಓದಿದಾಗ ಅವನ ಅನುಮಾನದಲ್ಲಿ ಹುರುಳಿದೆ ಅನ್ನಿಸಿತು.

ಪರಿಸರ ವಿಜ್ಞಾನ ಕೇಳುವ ಪ್ರಶ್ನೆಗಳು ಮನೆಯ ಉಗ್ರಾಣದ ಲೆಕ್ಕದಂಥವು. ಯಾರು ಯಾರನ್ನು ತಿನ್ನುತ್ತಾರೆ? ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತುತ್ತದೆ? ಸತ್ತದ್ದು ಎಲ್ಲಿಗೆ ಹೋಗುತ್ತದೆ? 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್‌ಲಿ 'ಇಕೋಸಿಸ್ಟಮ್' ಎಂಬ ಪದವನ್ನು ಮುಂದಿಟ್ಟದ್ದು, ಜೀವಿಗಳನ್ನು ಅವು ಬದುಕುವ ಮಣ್ಣು, ನೀರು, ಹವೆಗಳಿಂದ ಬಿಡಿಸಿ ನೋಡಲಾಗದು ಎನ್ನಲಿಕ್ಕೆ. ಕೆಲವೇ ವರ್ಷಗಳಲ್ಲಿ ರೇಮಂಡ್ ಲಿಂಡೆಮನ್ ಎಂಬ ತರುಣ ಅಮೆರಿಕದ ಮಿನೆಸೋಟದ ಒಂದು ಪುಟ್ಟ ಕೆರೆಯನ್ನು ಹಿಡಿದು ಕೂತ. ಬಿಸಿಲಿನ ಶಕ್ತಿ ಪಾಚಿಗೆ, ಪಾಚಿಯಿಂದ ಅದನ್ನು ತಿನ್ನುವ ಕ್ರಿಮಿಗಳಿಗೆ, ಅಲ್ಲಿಂದ ಮುಂದಕ್ಕೆ ದಾಟುವ ಲೆಕ್ಕ ಬರೆದ. ತಜ್ಞರು ಮೊದಲು ಬೇಡವೆಂದಿದ್ದ ಆ ಲೇಖನ 1942ರಲ್ಲಿ ಅಚ್ಚಾಗುವಷ್ಟರಲ್ಲಿ, 27 ತುಂಬುವ ಮೊದಲೇ, ಅವನು ತೀರಿಕೊಂಡಿದ್ದ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ದಾಟುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವಲ್ಲ, ಅದರ ಬೇರು ಅಲ್ಲಿದೆ. ಶಕ್ತಿ ಹೀಗೆ ಒಂದೇ ದಿಕ್ಕಿಗೆ ಹರಿದು ಶಾಖವಾಗಿ ಕಳೆದುಹೋಗುತ್ತದೆ. ಸಾರಜನಕ, ರಂಜಕ ಮುಂತಾದವು ಮಾತ್ರ ಕೊಳೆತು, ಮಣ್ಣಾಗಿ, ಮತ್ತೆ ಚಿಗುರಾಗಿ ಸುತ್ತುತ್ತಲೇ ಇರುತ್ತವೆ.

ತೇಜಸ್ವಿಯವರ 'ಕರ್ವಾಲೋ' (1980) ಈ ಲೆಕ್ಕದ ಹಿಂದೆ ಹೋಗುವುದಿಲ್ಲ. ಕರ್ವಾಲೋಗೆ ಹಾರುವ ಓತಿ ಬೇಕಾಗಿರುವುದು, ಕಾಡಿನ ಪಂಕ್ತಿಯಲ್ಲಿ ಅದು ಎಲ್ಲಿ ಕೂತಿದೆ ಎಂದು ತಿಳಿಯಲಿಕ್ಕಲ್ಲ; ಊಹೆಗೂ ಸಿಗದಷ್ಟು ಹಳೆಯ ಕಾಲದಿಂದ ಅದು ನಮ್ಮ ತನಕ ಬಂದಿದೆ ಎಂಬ ಬೆರಗಿಗೆ. ಹಾಗಾಗಿ ಇದು ವಿಕಾಸದ ಕಾದಂಬರಿ, ಕಾಲದ ಕಾದಂಬರಿ. ಪಶ್ಚಿಮಘಟ್ಟದ ನಿಜವಾದ ಹಾರುವ ಓತಿ ಅಡಿಕೆ ತೋಟಗಳಲ್ಲೂ ಕಾಣಸಿಗುವ, ಇರುವೆ ತಿಂದು ಬದುಕುವ ಪ್ರಾಣಿ. ಪರಿಸರ ವಿಜ್ಞಾನಕ್ಕೆ ಬೇಕಾದ ಓತಿ ಅದು. ಕಾದಂಬರಿಗೆ ಬೇಕಿದ್ದದ್ದು ಕೈಗೆ ಸಿಗದ ಓತಿ. ಇದು ಕೃತಿಯ ದೋಷವಲ್ಲ. ಕಾಡು ಬಂದ ಕಥೆಗೆಲ್ಲ 'ಪರಿಸರ'ದ ಚೀಟಿ ಅಂಟಿಸುವ ನಮ್ಮ ಸೋಮಾರಿತನದ ದೋಷ.

ಅಲ್ಲಿ ಪರಿಸರದ ತಿಳಿವು ಇರುವುದು ಮಂದಣ್ಣನಲ್ಲಿ. ಜೇನು ಹುಡುಕುವವನು ಹೂವು, ಹೊತ್ತು, ಗಾಳಿ, ಮರದ ಪೊಟರೆ ಎಲ್ಲವನ್ನೂ ಒಟ್ಟಿಗೇ ಗಮನಿಸಬೇಕು. ಕರ್ವಾಲೋರ ಗಂಭೀರ ವಿವರಣೆಗಳಿಗಿಂತ ಈ ಪೆದ್ದನಂತೆ ಕಾಣುವವನ ಕಣ್ಣು ನನಗೆ ಹೆಚ್ಚು ಕಲಿಸಿದೆ. ಕರ್ವಾಲೋ ಅವರೂ ಇದನ್ನು ಒಪ್ಪುತ್ತಿದ್ದರೇನೋ.

ಹುಡುಗನಿಗೆ ನಾನು ಹೇಳಬೇಕಿದ್ದ ಪುಸ್ತಕ 1943ರ 'ಬೆಟ್ಟದ ಜೀವ'. ಅದನ್ನು ಪರಿಸರದ ಪಟ್ಟಿಗೆ ಸೇರಿಸಲು ಮುಜುಗರವಾಗುತ್ತದೆ, ಯಾಕೆಂದರೆ ಕಾರಂತರ ಗೋಪಾಲಯ್ಯ ಕಾಡು ಕಡಿಯುವವರು. ಕುಮಾರಪರ್ವತದ ತಪ್ಪಲಲ್ಲಿ ಕಾಡು ಸವರಿ ತೋಟ ಎಬ್ಬಿಸಿದ ಹಟದ ಮನುಷ್ಯ. ಹಾಗೆ ಎಬ್ಬಿಸಿದ ತೋಟದ ಒಳಗೆ ಏನು ನಡೆಯುತ್ತದೆ ನೋಡಿ. ಕಾಡಿನ ಸೊಪ್ಪು ಹಟ್ಟಿಗೆ ಬರುತ್ತದೆ, ದನದ ಸೆಗಣಿ, ಗಂಜಳದ ಜೊತೆ ಕೊಳೆತು ಗೊಬ್ಬರವಾಗುತ್ತದೆ, ಗೊಬ್ಬರ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಆದರೆ ಅಡಿಕೆ ಪೇಟೆಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಪ್ರತಿ ಕೊಯ್ಲಿಗೂ ತೋಟದ ಸಾರದಲ್ಲಿ ಒಂದಿಷ್ಟು ಹೊರಗೆ ಸೋರುತ್ತದೆ, ಆ ಕೊರತೆಯನ್ನು ತುಂಬುವುದು ಪಕ್ಕದ ಕಾಡು. ಉತ್ತರ ಕನ್ನಡದ ತೋಟಗಳಿಗೆ ಬ್ರಿಟಿಷರ ಕಾಲದಲ್ಲೇ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟದ್ದರ ಹಿಂದಿನ ಲೆಕ್ಕವೂ ಇದೇ. ಕಾಡನ್ನು ಸೋಲಿಸಿ ತೋಟ ಮಾಡಿದೆ ಎನ್ನುವವನು ದಿನಾ ಬೆಳಗಾದರೆ ಕತ್ತಿ ಹಿಡಿದು ಸೊಪ್ಪಿಗೆ ಆ ಕಾಡಿಗೇ ಹೋಗಬೇಕು.

ಮನೆ ಬಿಟ್ಟು ಹೋದ ಮಗ ಶಂಭುವನ್ನೂ ಇದೇ ಲೆಕ್ಕಕ್ಕೆ ಸೇರಿಸುವ ಆಸೆ ಹುಟ್ಟುತ್ತದೆ: ಹೊರಗೆ ಹೋಗಿ ತಿರುಗಿ ಬಾರದ ಫಸಲು ಎಂದು. ಸೇರಿಸಲಾರೆ. ಶಂಕರಮ್ಮನ ಕಾಯುವಿಕೆ ಮಣ್ಣಿನ ಸಾರದ ಉಪಮೆಗೆ ಮುಗಿದುಹೋಗುವಂಥದ್ದಲ್ಲ.

ಹುಲಿಯ ಪ್ರಸಂಗವನ್ನು ಮಾತ್ರ ಈಗ ಬೇರೆ ರೀತಿ ಓದುತ್ತೇನೆ. ಮೊದಲು ಅದು ಸಾಹಸದ ಅಧ್ಯಾಯವಾಗಿತ್ತು. ಹತ್ತರಲ್ಲೊಂದರ ಲೆಕ್ಕ ತಲೆಯಲ್ಲಿದ್ದರೆ ಹುಲಿಯ ಕಷ್ಟವೂ ಕಾಣುತ್ತದೆ. ಹುಲ್ಲಿನಲ್ಲಿ ಸೇರಿದ ಶಕ್ತಿಯಲ್ಲಿ ಒಂದು ಚೂರು ಜಿಂಕೆಗೆ, ಆ ಚೂರಿನಲ್ಲಿ ಮತ್ತೊಂದು ಚೂರು ಹುಲಿಗೆ. ಒಂದು ಹುಲಿಗೆ ಅಷ್ಟು ದೊಡ್ಡ ಕಾಡು ಬೇಕಾಗುವುದು ಈ ಕಾರಣಕ್ಕೆ. ಕಾಡು ಸವರಿ ತೋಟ ಮಾಡಿದಲ್ಲಿ ಅದರ ಬೇಟೆಯ ನೆಲ ಕಿರಿದಾಗುತ್ತದೆ, ಹಟ್ಟಿಯ ದನ ಹತ್ತಿರವಾಗುತ್ತದೆ. ಕಾರಂತರು ಇದನ್ನು ಪಾಠವಾಗಿ ಹೇಳುವುದಿಲ್ಲ, ಹುಲಿಯ ಪರವಾಗಿ ವಾದಿಸುವುದೂ ಇಲ್ಲ. ದನ ಕಳೆದುಕೊಳ್ಳುವವರ ಪಕ್ಕದಲ್ಲೇ ನಿಂತು ಬರೆಯುತ್ತಾರೆ. ಗೋಪಾಲಯ್ಯನವರನ್ನು ಪ್ರೀತಿಸುತ್ತಲೇ ಆ ಪುಟಗಳನ್ನು ಓದಬೇಕು. ಹುಡುಗ ಈಗ ಅದನ್ನು ಓದುತ್ತಿದ್ದಾನೆ. ಹುಲಿಯವರೆಗೆ ಇನ್ನೂ ಬಂದಿಲ್ಲವಂತೆ.