ನಾರಿನ ಪುಡಿಯ ನೀರು

ಜಾವಗಲ್, ಅರಸೀಕೆರೆ, ತಿಪಟೂರು ಸೀಮೆಯಲ್ಲಿ ನಾರಿನ ಕಾರ್ಖಾನೆ ಇದ್ದಲ್ಲೆಲ್ಲ ಹಿತ್ತಿಲಲ್ಲಿ ಕಂದು ಪುಡಿಯ ಗುಡ್ಡೆ ಇರುತ್ತದೆ. ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಈ ಪುಡಿ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನು ಹಿಡಿದುಕೊಳ್ಳುತ್ತದೆ ಎನ್ನುವುದು ನಿಜ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಕದಿರ್ವೇಲು ಮತ್ತು ನಮಶಿವಾಯಂ ಇದರಿಂದ ಸಕ್ರಿಯ ಇದ್ದಿಲು ಮಾಡಿ ಕ್ಯಾಡ್ಮಿಯಂ ತೆಗೆದ ಬಗೆಯನ್ನು 2003ರಲ್ಲಿ ಪ್ರಕಟಿಸಿದರು. ಅದು ಶ್ರದ್ಧೆಯ ಕೆಲಸ. ನನ್ನ ತಕರಾರು ಆಮೇಲೆ ಹಬ್ಬಿದ ಉತ್ಸಾಹದ ಬಗ್ಗೆ.

ಆಮೇಲಿನ ಸಂಶೋಧನಾ ಲೇಖನಗಳಲ್ಲಿ 'ಶೇ 95 ನಿವಾರಣೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಲೀಟರಿಗೆ 10 ಮಿಲಿಗ್ರಾಂ ಸೀಸ ಬೆರೆಸಿದ ನೀರಿನಿಂದ ಶೇ 95 ತೆಗೆದರೂ ಅರ್ಧ ಮಿಲಿಗ್ರಾಂ ಉಳಿಯಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಕೊಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಉಳಿದದ್ದೇ ಐವತ್ತು ಪಟ್ಟು ಹೆಚ್ಚು! ಪ್ರಯೋಗಾಲಯದ ನೀರಿನಲ್ಲಿ ಸಾಮಾನ್ಯವಾಗಿ ಒಂದೇ ಲೋಹ ಇರುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಪುಡಿಯ ಮೇಲೆ ಜಾಗಕ್ಕೆ ಪೈಪೋಟಿ ನಡೆಸುತ್ತವೆ.

ಒಂದು ಹಿಡಿ ಹಸಿ ಪುಡಿಯನ್ನು ಸ್ಟೀಲ್ ಚೊಂಬಿನ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟು ನೋಡಿದೆ. ಬೆಳಿಗ್ಗೆ ನೀರು ಹಾಲು ಹಾಕದ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಒಗರು ವಾಸನೆ. ಅದು ಮಟ್ಟೆಯ ಟ್ಯಾನಿನ್. ಈ ಪುಡಿಯನ್ನು ಮನೆಯ ಕೊಡಕ್ಕೆ ಸೂಚಿಸುವವರು ಮೊದಲು ಈ ಚೊಂಬನ್ನು ನೋಡಬೇಕು. ಮೇಲಾಗಿ ಅರಸೀಕೆರೆ ತಾಲ್ಲೂಕಿನ ಕೊಳವೆಬಾವಿಗಳ ಹಳೆಯ ಕಾಟ ಫ್ಲೋರೈಡ್. ಅದು ಲೋಹವಲ್ಲ, ಋಣ ವಿದ್ಯುದಂಶದ ಕಣ. ಹಸಿ ಪುಡಿ ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಹಾಗಾದರೆ ಇದರ ಜಾಗ ಯಾವುದು? ಬೆಂಗಳೂರಿನ ಪೀಣ್ಯದಂಥ ಕಡೆ, ಲೋಹಲೇಪನ ಘಟಕಗಳ ಮೋರಿಯ ಬಾಯಲ್ಲಿ. ಅಲ್ಲಿ ಅಂತರ್ಜಲಕ್ಕೆ ಸೇರಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಆಮ್ಲೀಯ ನೀರಿನಲ್ಲೇ ಪುಡಿಗೆ ಚೆನ್ನಾಗಿ ಅಂಟುತ್ತದೆ. ಪುಡಿಯ ಲಿಗ್ನಿನ್ ಅದರ ಒಂದಷ್ಟು ಭಾಗವನ್ನು ಕಡಿಮೆ ವಿಷದ ಟ್ರೈವೇಲೆಂಟ್ ರೂಪಕ್ಕೂ ಇಳಿಸುತ್ತದೆ. ಕೊಳವೆಬಾವಿ ನೀರಿಗೆ ಬೇಕೆಂದೇ ಆಮ್ಲ ಸುರಿಯಬೇಕಾದೀತು. ಲೇಪನದ ತೊಳೆನೀರಿನಲ್ಲಿ ಅದು ಎಷ್ಟೋ ಸಲ ಮೊದಲೇ ಇರುತ್ತದೆ.

ಆದರೂ ವಿಷ ಹೀರಿದ ಪುಡಿ ಉಳಿಯುತ್ತದೆ. ನಮ್ಮಲ್ಲಿ ನಾರಿನ ಪುಡಿ ಎಂದರೆ ತೇವ ಹಿಡಿಯಲು ತೆಂಗಿನ ಬುಡಕ್ಕೆ ಹಾಕುವ ವಸ್ತು. ಕ್ಯಾಡ್ಮಿಯಂ ತುಂಬಿದ ಚೀಲವೂ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಮುಂದಿನ ಲೇಖನ ಬರೆಯುವವರು ಆ ಕೊನೆಯ ಚೀಲವನ್ನು ತೂಗಿ, ಎಲ್ಲಿಗೆ ಕಳಿಸಿದರೆಂಬುದನ್ನೂ ಬರೆಯಲಿ.