ಬಂಡವಾಳದ ಒಡಂಬಡಿಕೆಗಳಲ್ಲಿ ಅನುವೃತ್ತಿದೋಷ

ಒಡಂಬಡಿಕೆಯನ್ನು ತ್ಯಜಿಸುವುದು ಯುಕ್ತವೋ ಅಯುಕ್ತವೋ ಎಂಬ ವಿಚಾರಕ್ಕೆ ಮೊದಲು ಅದರ ವಾಕ್ಯಗಳ ಅರ್ಥವನ್ನು ನಿರ್ಣಯಿಸಬೇಕು. 1994ರಲ್ಲಿ ಲಿಸ್ಬನ್ನಿನಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಎನರ್ಜಿ ಚಾರ್ಟರ್ ಒಡಂಬಡಿಕೆಯು ಕಲ್ಲಿದ್ದಲು, ಎಣ್ಣೆ, ವಿದ್ಯುತ್ತು ಮೊದಲಾದುವುಗಳಲ್ಲಿ ತೊಡಗಿಸಿದ ಪರದೇಶದ ಬಂಡವಾಳಕ್ಕೆ ರಕ್ಷೆಯಾಗಿರುವುದು. ಭಾರತವು ಅದಕ್ಕೆ ಸೇರಿಲ್ಲ. ಆದರೆ ಅದೇ ಧಾಟಿಯ ಕರಾರುಗಳನ್ನು 1994ರಿಂದ ಅನೇಕ ರಾಷ್ಟ್ರಗಳೊಡನೆ ಮಾಡಿಕೊಂಡು, 2016-17ರಲ್ಲಿ ಅವುಗಳ ಬಹುಭಾಗವನ್ನು ಕೊನೆಗಾಣಿಸಲು ಹೊರಟಿತು.

ಇವುಗಳ ಪ್ರಥಮ ದೋಷವು ಪದಗಳ ಸಡಿಲತೆ. ಬೆಂಗಳೂರಿನ ಆಂಟ್ರಿಕ್ಸ್ ಸಂಸ್ಥೆಯು ದೇವಾಸ್ ಕಂಪನಿಯೊಡನೆ 2005ರಲ್ಲಿ ಮಾಡಿದ ಉಪಗ್ರಹದ ಕರಾರನ್ನು 2011ರಲ್ಲಿ ರದ್ದುಪಡಿಸಲಾಯಿತು. ಮಾರಿಷಸ್ಸಿನ ಕರಾರಿನಲ್ಲಿ ದೇಶರಕ್ಷಣೆಯ ‘ಉದ್ದೇಶದಿಂದ’ ಕೈಗೊಂಡ ಕ್ರಮಕ್ಕೆ ವಿನಾಯಿತಿಯಿದ್ದಿತು. ಜರ್ಮನಿಯದರಲ್ಲಿ ಅದು ‘ಆವಶ್ಯಕವಾದಷ್ಟು ಮಟ್ಟಿಗೆ’ ಮಾತ್ರ. ಆದುದರಿಂದ 2016ರಲ್ಲಿ ಒಂದು ಪಂಚಾಯಿತಿ ಮಂಡಲಿಯು ತರಂಗಾಂಶದ ನೂರರಲ್ಲಿ 60 ಭಾಗವನ್ನು ರಕ್ಷಣೆಗೆ ಸೇರಿಸಿ ಉಳಿದ 40ಕ್ಕೆ ಭಾರತವನ್ನು ಹೊಣೆಮಾಡಿತು. 2017ರಲ್ಲಿ ಇನ್ನೊಂದು ಮಂಡಲಿಯು ಆ ಸಮಾಧಾನವನ್ನೇ ಒಪ್ಪಲಿಲ್ಲ. ಕ್ರಿಯೆ ಒಂದು, ನಿರ್ಣಯ ಎರಡು. ದೇವಾಸ್ ಕಂಪನಿಯು ವಂಚನೆಯಿಂದ ಹುಟ್ಟಿದುದೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದುದು ಆಮೇಲಿನ ಮಾತು.

ದ್ವಿತೀಯ ದೋಷವು ಅತಿದೇಶ. ಮೀಮಾಂಸಕರು ಪ್ರಕೃತಿಯಾಗದ ಧರ್ಮಗಳನ್ನು ವಿಕೃತಿಗೆ ಕೊಂಡೊಯ್ಯಲು ಪ್ರಮಾಣವನ್ನು ಅಪೇಕ್ಷಿಸುವರು. ಇಲ್ಲಿಯಾದರೋ, ‘ಅತ್ಯಂತ ಅನುಗೃಹೀತ ರಾಷ್ಟ್ರ’ವೆಂಬ ಒಂದೇ ವಾಕ್ಯವು ಸಾಕು. ಕಲ್ಲಿದ್ದಲಿನ ವ್ಯವಹಾರದಲ್ಲಿ ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯದ ಕಂಪನಿಯು ತನ್ನ ಕರಾರಿನಲ್ಲಿಲ್ಲದ ವಿಧಿಯನ್ನು ಕುವೈತಿನ ಕರಾರಿನಿಂದ ಎರವಲು ಪಡೆದು 2011ರಲ್ಲಿ ಗೆದ್ದಿತು.

ತೃತೀಯವು ಅನುವೃತ್ತಿ, ಇದೇ ಪ್ರಬಲವಾದುದು. ವ್ಯಾಕರಣದಲ್ಲಿ ಪೂರ್ವಸೂತ್ರದ ಪದವು ಮುಂದಿನ ಸೂತ್ರಗಳಿಗೆ ಹರಿದುಬಂದರೂ ಯೋಗ್ಯಸ್ಥಳದಲ್ಲಿ ನಿವೃತ್ತಿಯಾಗುವುದು. ಈ ಕರಾರುಗಳಲ್ಲಾದರೆ ನಿವೃತ್ತಿಯನ್ನು ಸಾರಿದ ಮೇಲೆಯೂ ಹಳೆಯ ಬಂಡವಾಳಕ್ಕೆ ರಕ್ಷೆಯು ಮುಂದುವರಿಯುವುದು. ಎನರ್ಜಿ ಚಾರ್ಟರಿನಲ್ಲಿ ಅದರ ಅವಧಿ 20 ವರ್ಷ. ಇಟಲಿಯು 2016ರಲ್ಲಿ ಹೊರಬಂದರೂ ರಾಕ್‌ಹಾಪರ್ ಎಂಬ ಎಣ್ಣೆಯ ಕಂಪನಿಯು ಆ ಬಳಿಕವೇ ದಾವೆ ಹೂಡಿ 2022ರಲ್ಲಿ ಪರಿಹಾರದ ತೀರ್ಪನ್ನು ಪಡೆಯಿತು. 2025ರಲ್ಲಿ ಆ ತೀರ್ಪು ರದ್ದಾದುದರಿಂದ ವಾಕ್ಯದ ದೋಷವೇನೂ ಹೋಗಲಿಲ್ಲ. ಸವಣೂರು, ಪುತ್ತೂರು ಸೀಮೆಯವರಿಗೆ ಹಿಂದಿನ ಮೂಲಗೇಣಿ ಚಾಲಗೇಣಿಗಳ ಭೇದವು ತಿಳಿದುದೇ. ಶಾಶ್ವತವಾದುದು ಮೂಲಗೇಣಿ, ಬಿಡಿಸಬಹುದಾದುದು ಚಾಲಗೇಣಿ. ಇಂತಹ ಕರಾರು ಚಾಲಗೇಣಿಯ ಹೆಸರಿನಿಂದ ಬರೆದ ಮೂಲಗೇಣಿಯಂತಿರುವುದು.

ಇಲ್ಲಿ ಪೂರ್ವಪಕ್ಷವುಂಟು. ಮನುವು ಸಂವಿದ್ವ್ಯತಿಕ್ರಮವನ್ನು, ಎಂದರೆ ಒಪ್ಪಂದದ ಉಲ್ಲಂಘನೆಯನ್ನು, ವ್ಯವಹಾರಪದಗಳಲ್ಲಿ ಎಣಿಸಿರುವನು. ಕೊಟ್ಟ ಮಾತನ್ನು ಬಿಟ್ಟ ದೇಶಕ್ಕೆ ಬಂಡವಾಳವು ಬಾರದು ಎಂದು. ಉತ್ತರವಿದು: ಕರಾರೇ ತೋರಿಸಿದ ದಾರಿಯಿಂದ ಹೊರಬರುವುದು ಉಲ್ಲಂಘನೆಯಲ್ಲ. ಇನ್ನು ಬಂಡವಾಳದ ಮಾತು. ನಂದಿಕೂರಿನಲ್ಲಿ 1000 ಮೆಗಾವಾಟಿನ ವಿದ್ಯುದಾಗಾರವನ್ನು ಕಟ್ಟಲು ಅಮೆರಿಕೆಯ ಕೊಜೆಂಟ್ರಿಕ್ಸ್ ಕಂಪನಿಯು ಮುಂದೆ ಬಂದಾಗ ಭಾರತಕ್ಕೂ ಅಮೆರಿಕೆಗೂ ಇಂತಹ ಕರಾರು ಇರಲಿಲ್ಲ. 1999ರಲ್ಲಿ ಅದು ಹಿಂದೆಗೆದುದು ಅನುಮತಿಗಳ ವಿಳಂಬದಿಂದಲೂ ವ್ಯಾಜ್ಯಗಳಿಂದಲೂ. ಕರಾರಿನ ಅಭಾವವು ಬರುವಿಕೆಯನ್ನು ತಡೆಯಲಿಲ್ಲವೆಂಬುದು ಸ್ಪಷ್ಟ.

ಆದುದರಿಂದ ತ್ಯಾಗವು ಯುಕ್ತವೇ. ಆದರೆ ತ್ಯಾಗಮಾತ್ರವು ಸಾಲದು. 2015ರ ಭಾರತೀಯ ಮಾದರಿಯು ‘ನ್ಯಾಯಸಮ್ಮತ ವರ್ತನೆ’ಯೆಂಬ ಸಡಿಲವಾದ ಮಾತನ್ನೂ ಅನುಗೃಹೀತರಾಷ್ಟ್ರದ ವಾಕ್ಯವನ್ನೂ ಬಿಟ್ಟು ಮೊದಲೆರಡು ದೋಷಗಳಿಗೆ ಪರಿಹಾರವನ್ನು ಹೇಳಿತು. ಮೂರನೆಯದಕ್ಕೆ ಉಭಯಪಕ್ಷಗಳ ಸಮ್ಮತಿಯು ಬೇಕು. ಎನರ್ಜಿ ಚಾರ್ಟರಿನ ರಕ್ಷೆಯು ತಮ್ಮ ತಮ್ಮೊಳಗೆ ಅನ್ವಯಿಸದೆಂದು ಐರೋಪ್ಯ ಒಕ್ಕೂಟವೂ ಅದರ ಬಹುತೇಕ ಸದಸ್ಯರಾಷ್ಟ್ರಗಳೂ 2024ರಲ್ಲಿ ಘೋಷಿಸಿದುವು. ಕೂಡಿ ಬರೆದ ವಾಕ್ಯವನ್ನು ಕೂಡಿಯೇ ಅಳಿಸಬೇಕು. ಒಬ್ಬನು ಎದ್ದುಹೋದ ಮಾತ್ರಕ್ಕೆ ಅದು ನಿವೃತ್ತವಾಗದು.