ಹುಟ್ಟಿದ ಮನೆಯಲ್ಲೇ ಸಂದರ್ಶಕ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಗಂಟುಮೂಟೆ ಹೊತ್ತು ನಡೆದೇ ಊರಿಗೆ ಹೊರಟವರನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ಆಮೇಲೆ ಅವರಲ್ಲಿ ಕೆಲವರು ಸರಕಾರದ ಲೆಕ್ಕದ ಪುಸ್ತಕಕ್ಕೂ ಬಂದರು. 2020ರ ಜುಲೈಯಿಂದ 2021ರ ಜೂನ್‌ವರೆಗಿನ ನಿಯತಕಾಲಿಕ ಕಾರ್ಮಿಕ ಪಡೆ ಸಮೀಕ್ಷೆಯಲ್ಲಿ ವಲಸೆಯ ಪ್ರಶ್ನೆಗಳೂ ಇದ್ದವು. 2020ರ ಮಾರ್ಚ್ ನಂತರ ಮನೆಗೆ ಬಂದು 15 ದಿನವೋ ಹೆಚ್ಚೋ ಇದ್ದು, ಆರು ತಿಂಗಳು ತುಂಬದವರನ್ನು ಬೇರೆಯಾಗಿ ಬರೆದುಕೊಂಡರು. ಅವರಿಗೆ ಇಟ್ಟ ಹೆಸರು 'ತಾತ್ಕಾಲಿಕ ಸಂದರ್ಶಕರು'. ಜನಸಂಖ್ಯೆಯಲ್ಲಿ ಶೇ. 0.7 ಮಂದಿ ಹೀಗೆ ದಾಖಲಾದರು. ಅವರೆಲ್ಲ ನಡೆದು ಬಂದ ಕೂಲಿಗಳೇನಲ್ಲ, ನೆಂಟರೂ ಇದ್ದಾರು. ಆದರೆ ಕೆಲಸ ಹೋಗಿ ತಾಯಿಯ ಬಳಿಗೆ ಮರಳಿದ ಮಗನೂ ಅದೇ ಸಾಲಿನಲ್ಲಿ. ತಾನು ಹುಟ್ಟಿದ ಮನೆಯಲ್ಲಿ ಅವನು ಸಂದರ್ಶಕ!

ಬರೆದುಕೊಂಡವರ ತಪ್ಪಲ್ಲ ಇದು. ಆರು ತಿಂಗಳು ಎಲ್ಲಿ ಇದ್ದಾನೋ, ಅಥವಾ ಇರುವ ಉದ್ದೇಶವಿದೆಯೋ, ಅದೇ ಅವನ ವಾಸಸ್ಥಳ ಎಂಬುದು ನಿಯಮ. ಒಂದೇ ಒಲೆಯ ಅಡಿಗೆ ಉಣ್ಣುವವರು ಒಂದು ಕುಟುಂಬ. ಒಬ್ಬನನ್ನೇ ಎರಡು ಕಡೆ ಎಣಿಸಬಾರದೆಂಬ ಎಚ್ಚರ ಇದರ ಹಿಂದಿದೆ, ಒಪ್ಪೋಣ.

ಆದರೆ ಉರ್ದು ಓದಿ ಬೆಳೆದ ನನಗೆ ಇದನ್ನು ಓದುವಾಗ ಫಿಕ್ಹ್‌ನ ಪಾಠ ನೆನಪಾಯಿತು. ಅಲ್ಲಿಯೂ 15 ದಿನದ ಲೆಕ್ಕವಿದೆ, ಉದ್ದೇಶದ ಮಾತೂ ಇದೆ. ಹನಫಿಗಳಲ್ಲಿ, ಪರಊರಲ್ಲಿ 15 ದಿನ ನಿಲ್ಲುವ ನಿಯ್ಯತ್ ಮಾಡಿದವನು ಮುಸಾಫಿರನಲ್ಲ, ನಮಾಝನ್ನು ಪೂರ್ತಿಯಾಗಿ ಮಾಡಬೇಕು. ಆ ಊರು ಅವನ 'ವತನೆ ಇಕಾಮತ್', ಅಂದರೆ ತಂಗಿದ ಊರು. ಹಾಗೆಂದು ಅವನ 'ವತನೆ ಅಸ್ಲಿ', ಮೂಲದ ಊರು, ಅಳಿಸಿಹೋಗುವುದಿಲ್ಲ. ಅಲ್ಲಿಗೆ ಒಂದೇ ದಿನದ ಮಟ್ಟಿಗೆ ಹೋದರೂ ಅವನು ಮುಸಾಫಿರನಲ್ಲ, ಮನೆಯವನೇ. ಒಬ್ಬ ಮನುಷ್ಯನಿಗೆ ಎರಡು ಊರುಗಳಿರಬಹುದೆಂದು ನಮ್ಮ ಹಳೆಯ ಮೌಲವಿಗಳಿಗೆ ಗೊತ್ತಿತ್ತು. ಸಮೀಕ್ಷೆಯ ನಮೂನೆಯಲ್ಲಿ ಒಂದಕ್ಕೆ ಮಾತ್ರ ಜಾಗ.

ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಬದುಕು ಈ ಎರಡು ಊರುಗಳ ನಡುವಿನದು. ನಾಲ್ಕು ತಿಂಗಳಿಗೆಂದು ಒಬ್ಬನೇ ಹೋದರೆ ಕಾಗದದಲ್ಲಿ ಅವನು ಹಳ್ಳಿಯ ಮನೆಯವನೇ. ಕಳೆದ ವಾರ ಯಾವ ದಿನ ಕೆಲಸ ಸಿಕ್ಕಿತು, ಯಾವ ದಿನ ಸಿಗಲಿಲ್ಲ ಎಂಬುದನ್ನು ಮನೆಯಲ್ಲಿ ಉಳಿದ ಮುದುಕಿ ಹೇಳಬೇಕು. ಅವಳಿಗೆ ಹೇಗೆ ಗೊತ್ತಾಗಬೇಕು? ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಹೊರಟರೆ ಬಾಗಿಲಿಗೆ ಬೀಗ. ಸೇತುವೆಯ ಕೆಳಗಾದರೂ ಸರಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಇರುವವರನ್ನು ನಿಯಮ ಸೇರಿಸಿಕೊಳ್ಳುತ್ತದೆ, ನೆಲೆಯೇ ಇಲ್ಲದವರನ್ನು ಬಿಡುತ್ತದೆ. ಕಟ್ಟಡ ಮುಗಿದಂತೆ ಶೆಡ್ಡು ಕಿತ್ತು ಮುಂದಿನ ಕಟ್ಟಡಕ್ಕೆ ಹೋಗುವವರು ಇವೆರಡರಲ್ಲಿ ಯಾವುದು?

ಮದುವೆಯಾಗಿ ಬಂದ ಹೆಣ್ಣುಮಕ್ಕಳ ವಿಷಯವೂ ಇದೆ. ಅದೇ ಸಮೀಕ್ಷೆಯಲ್ಲಿ ವಲಸೆ ಬಂದ ಹೆಂಗಸರ ಪೈಕಿ ಶೇ. 86.8 ಮಂದಿಗೆ ಕಾರಣ ಮದುವೆ. ಬಂದಮೇಲೆ ಬೀಡಿ ಸುತ್ತಿದಳೋ, ಗದ್ದೆಗಿಳಿದಳೋ, ಆ ಕಾಲಮ್ಮಿನಲ್ಲಿ ಅವಳು ಮದುವೆಗೆ ಬಂದವಳು ಅಷ್ಟೇ. ಅದು ಬೇರೆಯೇ ಬರೆಯಬೇಕಾದ ಕಥೆ.

2025ರ ಜನವರಿಯಿಂದ ಈ ಸಮೀಕ್ಷೆಯ ರೀತಿ ಬದಲಾಯಿತು. ಹಳ್ಳಿಯಲ್ಲೂ ಪೇಟೆಯಲ್ಲೂ ಆಯ್ದ ಮನೆಗೆ ಸತತ ನಾಲ್ಕು ತಿಂಗಳು ಹೋಗಿ ಕೇಳುತ್ತಾರೆ, ಅಂಕಿ ಅಂಶ ತಿಂಗಳಿಗೊಮ್ಮೆ ಬರುತ್ತದೆ. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತಿನಲ್ಲಿ ಒಂದು ಪ್ರಶ್ನೆ ಇತ್ತು: ಕಳೆದ ವರ್ಷದಲ್ಲಿ ಒಂದು ತಿಂಗಳೋ ಹೆಚ್ಚೋ, ಆದರೆ ಆರು ತಿಂಗಳಿಗಿಂತ ಕಡಿಮೆ ಕಾಲ ಕೆಲಸಕ್ಕಾಗಿ ಊರು ಬಿಟ್ಟು ಹೋಗಿದ್ದಿರಾ? ನಾಲ್ಕು ಸಲ ಅದೇ ಬಾಗಿಲು ತಟ್ಟುವವರು ಒಮ್ಮೆಯಾದರೂ ಇದನ್ನು ಕೇಳಿ ಬರೆದುಕೊಳ್ಳಲಿ.